ಎಂಜಿನ್ ಪಕ್ಕದ ಕ್ಯಾಬಿನ್

“ಹಡಗು ಹತ್ತೋ ದಿನ ಹೊಟ್ಟೆ ತುಂಬ ಉಣ್ಣಬಾರದು, ಹಸ್ಕೊಂಡೂ ಇರಬಾರದು. ಎರಡು ತುತ್ತು ಮೊಸರನ್ನ, ಒಂದು ಚೂರು ನಿಂಬೆಕಾಯಿ ಉಪ್ಪಿನಕಾಯಿ. ಸಾಕು. ಹತ್ತಿದ ಮೇಲೆ ನೀರನ್ನ ನೋಡಬೇಡಿ, ದೂರದ ದಡ ನೋಡಿ.”

ಹುಣಸೂರಿನಲ್ಲಿ, ಸಮುದ್ರಕ್ಕೆ ಇಡೀ ಹಗಲಿನ ಬಸ್ ದಾರಿಯಿರುವ ಊರಿನಲ್ಲಿ ಕೂತು, ನಮ್ಮ ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಹೀಗೆ ಪಾಠ ಹೇಳುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ನಾವು ಟೀಚರುಗಳು ಬುತ್ತಿ ಬಿಚ್ಚಿದ ಕೂಡಲೇ ಅವರಿಗೆ ಹಡಗು ನೆನಪಾಗುತ್ತಿತ್ತು. ನಮ್ಮಲ್ಲಿ ಹಡಗು ಕಂಡವರು ಅವರೊಬ್ಬರೇ. ಊರಿನವರು ಅವರನ್ನು ‘ದೊಡ್ಡ ಮಿಸ್ಸು’ ಎನ್ನುತ್ತಿದ್ದರು. ನಮಗೆ ಬರೀ ‘ಮಿಸ್’.

ಪಿರಿಯಾಪಟ್ಟಣದ ಕಡೆಯ ಒಕ್ಕಲು ಮನೆತನದವರು. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಮಳೆಯಿರಲಿ ಬಿಸಿಲಿರಲಿ ಕಂಕುಳಲ್ಲಿ ಒಂದು ಗಂಡಸರ ಕೊಡೆ. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಅಕ್ಕನನ್ನು ಬೊಂಬಾಯಿಗೆ ಕೊಟ್ಟಿದ್ದರು. ಬೇಸಿಗೆ ರಜೆಯಲ್ಲಿ ಬೊಂಬಾಯಿಗೆ ಹೋಗುವವರೆಲ್ಲ ಮೈಸೂರಿಗೆ ಹೋಗಿ ರೈಲು ಹಿಡಿದರೆ, ಇವರು ಮಡಿಕೇರಿ ಬಸ್ಸು ಹತ್ತಿ, ಘಟ್ಟ ಇಳಿದು, ಮಂಗಳೂರಿನಿಂದ ಹಡಗಿನಲ್ಲಿ ಹೋಗುತ್ತಿದ್ದರು. ಸುತ್ತು ದಾರಿಯಲ್ಲವೆ ಎಂದರೆ, “ರೈಲಲ್ಲಿ ಹೋದ್ರೆ ಬೊಂಬಾಯಿ ಸಿಗುತ್ತೆ ಕಣ್ರೇ. ಹಡಗಲ್ಲಿ ಹೋದ್ರೆ ರಜ ಸಿಗುತ್ತೆ” ಎನ್ನುತ್ತಿದ್ದರು.

ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಹಡಗು ಬರೆದು ಯಾವ ಕ್ಯಾಬಿನ್ ತೆಗೆದುಕೊಳ್ಳಬೇಕೆಂದು ತೋರಿಸುವುದು ಅವರಿಗೆ ಬಲು ಇಷ್ಟ. “ಮೂತಿಯ ಕಡೆ ಬೇಡ, ಅಲೆ ಎತ್ತೆತ್ತಿ ಹಾಕುತ್ತೆ. ಹಿಂದುಗಡೆ ಬೇಡವೇ ಬೇಡ. ಎಂಜಿನ್ ಸದ್ದು, ಎಣ್ಣೆ ವಾಸನೆ, ಸೆಕೆ. ಅಡುಗೆಮನೆ ಪಕ್ಕದ್ದು ಪುಕ್ಕಟೆ ಕೊಟ್ಟರೂ ಬೇಡ. ನಡು ಇದೆಯಲ್ಲ, ಅಲ್ಲಿ ಅಲ್ಲಾಟ ಕಮ್ಮಿ. ಹೋಗ್ತಾ ಬಲಗಡೆ ನೆಲ, ಎಡಗಡೆ ನೀರು. ಗಾಳಿ ಬೇಕು ಅನ್ನೋರು ಎಡಗಡೆ ತಗೊಳ್ಳಿ, ಆದರೆ ಮಧ್ಯಾಹ್ನದ ಮೇಲೆ ಬಿಸಿಲು ಹೊಡೆಯುತ್ತೆ ಅಂತ ಆಮೇಲೆ ಗೊಣಗಬೇಡಿ. ವಾಂತಿ ಮಾಡೋರಿಗೆ ಕೆಳಗಿನ ಹಾಸಿಗೆ.” ಆಮೇಲೆ ಸೆರಗಿನಿಂದ ಹಡಗನ್ನು ಒರೆಸಿ ಗಂಟೆ ಹೊಡೆಸುತ್ತಿದ್ದರು.

ಹಡಗೊಂದೇ ಅಲ್ಲ, ಎಲ್ಲಿ ಹೋದರೂ ಅವರು ಕೂರುವ ಜಾಗವನ್ನು ನೋಡಿ, ಅಳೆದು, ಆಮೇಲೆ ಕೂರುವವರು. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟಾದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಕಂಬಕ್ಕೆ ಒರಗುವ ಜಾಗ ಸಿಗದಿದ್ದರೆ ತಿರುಗಿ ಮನೆಗೆ ಬರುತ್ತಿದ್ದರು. ಒಮ್ಮೆ ಕೆ.ಆರ್. ನಗರದಲ್ಲಿ ನಮ್ಮ ಮನೆಯ ಮದುವೆಗೆ ಬಂದವರು ಪಂಕ್ತಿಯಲ್ಲಿ ಕೂತಿದ್ದ ನಮ್ಮ ಸೋದರಮಾವನನ್ನೇ ಎಬ್ಬಿಸಿದ್ದರು. “ನೀವು ಆ ಕಡೆ ಕೂತ್ಕೊಳ್ಳಿ, ಇಲ್ಲಿ ಗಾಳಿ ಬರುತ್ತೆ.” ಮಾವ ಎದ್ದೇ ಬಿಟ್ಟರು. ಅಂಥ ದನಿ ಅದು.

ನಾನು ಆ ಸ್ಕೂಲಿಗೆ ಹೊಲಿಗೆ ಟೀಚರಾಗಿ ಸೇರಿ ಹೆಚ್ಚು ದಿನವಾಗಿರಲಿಲ್ಲ. ಬೇಸಿಗೆ ಹತ್ತಿರ ಬಂದಾಗ ಮಿಸ್ ನನ್ನನ್ನು ಕರೆದು, “ಈ ಸಲ ನೀನೂ ಬಾ. ಗಿರಿಜೇನೂ ಬರ್ತಾಳೆ” ಎಂದರು.

ಗಿರಿಜೆ ಒಂದನೇ ತರಗತಿಯ ಟೀಚರು. ನನ್ನದೇ ವಯಸ್ಸು. ಮದುವೆಯಾದ ವರ್ಷ ತುಂಬುವುದರೊಳಗೆ ಗಂಡ ತೀರಿಹೋಗಿ, ಅಣ್ಣನ ಮನೆಯಲ್ಲಿದ್ದಳು. ಮನೆಯಿಂದ ಸ್ಕೂಲು, ಸ್ಕೂಲಿನಿಂದ ಮನೆ. ಅಣ್ಣನಿಗೆ ಊರಿನಲ್ಲಿ ಹೊಗೆಸೊಪ್ಪಿನ ಮಂಡಿಯಿತ್ತು. ಅವರ ಮಾತಿಗೆ ಎದುರಾಡುವವರು ಕಡಿಮೆ. ಅವರ ಇಬ್ಬರು ಹೆಣ್ಣುಮಕ್ಕಳೂ ನಮ್ಮ ಸ್ಕೂಲಿನಲ್ಲೇ ಓದುತ್ತಿದ್ದರು. ಮಿಸ್ ನನ್ನನ್ನೂ ಕರೆದುಕೊಂಡು ಮಂಡಿಗೆ ಹೋದರು.

“ಸಮುದ್ರ ತೋರಿಸ್ಕೊಂಡು ಬರೋಣ ಅಂತ. ಗಿರಿಜೆ ಮನೆ ಬಿಟ್ಟು ಎಲ್ಲೂ ಹೋಗಿಲ್ಲ.”

“ಗಂಡ್ಸು ಅಂತ ಯಾರೂ ಜತೇಲಿಲ್ವಲ್ಲ ಮಿಸ್ಸಮ್ಮ?”

“ನಾನಿದೀನಿ.”

ಅಣ್ಣ ನಕ್ಕರು. “ಅದೂ ದಿಟವೇ ಬುಡಿ. ಆದ್ರೆ ನೀವೇ ಕರ್ಕೊಂಡೋಗಿ ನೀವೇ ಕರ್ಕೊಂಡ್ ಬರ್ಬೇಕು. ಇನ್ನೊಬ್ರ ಕೈಲಿ ಕಳ್ಸಂಗಿಲ್ಲ.”

“ಕರ್ಕೊಂಡ್ ಬತ್ತೀನಿ” ಎಂದರು ಮಿಸ್. ಯಾರ ಜೊತೆ ಮಾತಾಡಿದರೂ ಕಣ್ಣಿಗೆ ಕಣ್ಣಿಟ್ಟು ಮಾತಾಡುವವರು, ಆಗ ಮಾತ್ರ ಅಟ್ಟಿಯಾಗಿ ಪೇರಿಸಿದ್ದ ಹೊಗೆಸೊಪ್ಪಿನ ಕಂತೆಗಳ ಕಡೆ ನೋಡುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ.

ಮಂಗಳೂರಿನಲ್ಲಿ, ಬಂದರಿನ ಹತ್ತಿರದ ಟಿಕೆಟ್ ಕಚೇರಿಯಲ್ಲಿ ಮೊದಲ ಸಲ ನನಗೆ ಗಲಿಬಿಲಿಯಾಯಿತು. ಹೆಂಗಸರಿಗೆಂದು ಹಡಗಿನಲ್ಲಿ ಎರಡು ಕ್ಯಾಬಿನ್ ಇದ್ದವು. ಒಂದು ನಡುವಿನಲ್ಲಿ, ಮೇಲಿನ ಅಂತಸ್ತಿನಲ್ಲಿ. ಕಿಟಕಿ ತೆರೆದರೆ ಡೆಕ್ಕು, ಗಾಳಿ, ಎದುರಿಗೇ ಸಮುದ್ರ. ಇನ್ನೊಂದು ಕೆಳಗೆ, ಹಿಂದುಗಡೆ, ಎಂಜಿನ್ನಿಗೆ ಒತ್ತಿಕೊಂಡಂತೆ. ಗುಮಾಸ್ತ ಕೇಳದೆಯೇ ಮೇಲಿನದನ್ನು ಬರೆಯಲು ಹೊರಟ.

“ಅದು ಬೇಡ. ಕೆಳಗಿಂದು ಕೊಡಿ” ಎಂದರು ಮಿಸ್.

ಗುಮಾಸ್ತ ತಲೆಯೆತ್ತಿದ. “ಅಲ್ಲಿ ತುಂಬ ಸೆಕೆ ಅಮ್ಮ. ಮೇಲಿನದು ಖಾಲಿ ಉಂಟಲ್ಲ?”

“ಗೊತ್ತಿದೆ. ಅದೇ ಬೇಕು.”

ನಾನು ಸುಮ್ಮನಿರಲಾರದೆ, “ಮಿಸ್, ನೀವೇ ಹೇಳ್ತಿದ್ರಲ್ಲ, ಹಿಂದುಗಡೆ ಬೇಡವೇ ಬೇಡ ಅಂತ...” ಎಂದೆ.

“ಹೇಳ್ತಿದ್ದೆ. ಈಗ ಇದು ಬೇಕು ಅಂತಿದೀನಿ. ಸಾಮಾನು ಎತ್ತಿಸು.”

ಗಿರಿಜೆ ಮೂಲೆಯ ಬೆಂಚಿನಲ್ಲಿ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಸಮುದ್ರ ನೋಡಲೆಂದು ಬಂದವಳು ಬಾಗಿಲಿನಾಚೆ ಕಾಣುತ್ತಿದ್ದ ಸಮುದ್ರಕ್ಕೆ ಬೆನ್ನು ಹಾಕಿದ್ದಳು.

ಹಡಗು ದಡದಿಂದ ದೂರ ನಿಂತಿತ್ತು. ದೋಣಿಯಲ್ಲಿ ಹೋಗಿ ಹತ್ತಬೇಕು. ಹತ್ತಿ ಕ್ಯಾಬಿನ್ ನೋಡಿದ ಮೇಲೆ ನನಗೆ ಅಳುವೇ ಬಂತು. ಒಂದು ಇಕ್ಕಟ್ಟಾದ ಓಣಿ, ಅದರ ಕೊನೆಯಲ್ಲಿ ಒಂದೇ ಬಾಗಿಲು. ಒಳಗೆ ಮೂವರಿಗೆ ಮೇಲೊಂದು ಕೆಳಗೊಂದು ಎರಡೇ ಹಾಸಿಗೆ, ತೆರೆಯಲು ಬಾರದ ಒಂದು ದುಂಡು ಕಿಟಕಿ, ಗೋಡೆಯ ಆಚೆ ಢಗ ಢಗ ಸದ್ದು. ಮುಟ್ಟಿದ್ದೆಲ್ಲ ಬಿಸಿ. ಓಣಿಯ ಬಾಯಲ್ಲಿ ಹೆಂಗಸರ ಮೇಲ್ವಿಚಾರಣೆಗೆಂದು ಹಡಗಿನ ಆಯಾ ಒಬ್ಬಳು ಸ್ಟೂಲು ಹಾಕಿಕೊಂಡು ಕೂತಿದ್ದಳು. ಗೋವೆಯ ಕಡೆಯ ದಪ್ಪನೆಯ ಹೆಂಗಸು. ಮಿಸ್ ಅವಳ ಹೆಸರು, ಊರು, ಮಕ್ಕಳು ಎಲ್ಲ ವಿಚಾರಿಸಿ, ನಮ್ಮ ಬುತ್ತಿಯಿಂದ ಚಕ್ಕುಲಿ ಕೊಟ್ಟರು. ಆಮೇಲೆ ಬಾಗಿಲಿನ ಚಿಲಕವನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

ಗಾಳಿಗೆಂದು ನಾನು ಮೇಲಿನ ಡೆಕ್ಕಿಗೆ ಹೋದೆ. ಹಡಗು ಹೊರಡುವುದರಲ್ಲಿತ್ತು. ಕಡೆಯ ದೋಣಿ ಜನ ತುಂಬಿಕೊಂಡು ಬರುತ್ತಿತ್ತು. ಅದರಲ್ಲಿ ನಿಂತಿದ್ದವರೊಬ್ಬರ ರುಮಾಲು, ನಿಂತ ಭಂಗಿ ಎಲ್ಲೋ ಕಂಡಂತಿತ್ತು. ದೋಣಿ ಹತ್ತಿರ ಬಂದಾಗ ಅವರು ಮುಖವೆತ್ತಿದರು. ಗಿರಿಜೆಯ ಅಣ್ಣ. ಜೊತೆಗೆ ಅವರ ಮಂಡಿಯ ಆಳು.

ಓಡಿ ಕೆಳಗೆ ಬಂದು ಹೇಳಿದೆ. ಗಿರಿಜೆ ಹಾಸಿಗೆಯಲ್ಲಿ ಕುಸಿದಳು. ಮಿಸ್ ಚಿಲಕ ಹಾಕಿ, ತಮ್ಮ ಟ್ರಂಕನ್ನು ಬಾಗಿಲಿಗೆ ಎಳೆದು ಅದರ ಮೇಲೆ ಕೂತರು.

“ನಿನಗೆ ಗೊತ್ತಿಲ್ಲದೆ ಇರೋದೇ ವಾಸಿ ಅಂತ ಹೇಳಿರಲಿಲ್ಲ. ಈಗ ಕೇಳಿಸ್ಕೋ” ಎಂದರು ನನಗೆ.

ಹುಣಸೂರಿನ ಗಂಡುಮಕ್ಕಳ ಸ್ಕೂಲಿನಲ್ಲಿ ಮೊದಲು ಒಬ್ಬ ಮೇಷ್ಟರಿದ್ದ. ಬೇರೆ ಜಾತಿಯವನು. ಅವನೂ ಗಿರಿಜೆಯೂ ಮದುವೆಯಾಗಬೇಕೆಂದಿದ್ದರು. ಅಣ್ಣನಿಗೆ ಗೊತ್ತಾಗಿ, ಹಾಡಹಗಲು ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹೊಡೆಸಿದರು. ಅವನು ಬೊಂಬಾಯಿಗೆ ಹೋಗಿ ಅಲ್ಲಿ ಕನ್ನಡ ಸ್ಕೂಲೊಂದರಲ್ಲಿ ಕೆಲಸ ಹಿಡಿದ. ವಿಷಯ ಅಲ್ಲಿಗೆ ಮುಗಿಯಿತೆಂದು ಅಣ್ಣ ನಂಬಿದ್ದರು. ಗಿರಿಜೆ ಬಂದು ಮಿಸ್ ಹತ್ತಿರ ಅತ್ತಿದ್ದಳು. ಮೈಸೂರಿನ ರೈಲ್ವೆ ಸ್ಟೇಷನ್ನಿನ ತುಂಬ ಅಣ್ಣನ ವ್ಯಾಪಾರದ ಜನ. ಉಳಿದದ್ದು ಈ ದಾರಿಯೊಂದೇ. ನಾವು ಹೊರಟ ಮೇಲೆ ಹುಣಸೂರಿನಲ್ಲಿ ಯಾರೋ ಅವನಿರುವುದು ಬೊಂಬಾಯಿಯಲ್ಲೆಂದು ಅಣ್ಣನ ಕಿವಿಗೆ ಹಾಕಿರಬೇಕು.

“ಹಿಂದಟ್ಟಿಕೊಂಡು ಬಂದ್ರೆ ಅಂತ ಈ ಕ್ಯಾಬಿನ್ ತಗೊಂಡೆ. ಮೇಲಿಂದಕ್ಕೆ ಡೆಕ್ಕಿನ ಕಡೆ ಕಿಟಕಿ. ಯಾರು ಬೇಕಾದ್ರೂ ಬಂದು ನಿಂತ್ಕೋಬಹುದು. ಇಲ್ಲಿ ಬರೋದಕ್ಕೆ ಒಂದೇ ದಾರಿ, ಅಲ್ಲಿ ಆಯಾ ಇದಾಳೆ.”

ಹಡಗು ಅಲ್ಲಾಡತೊಡಗಿತು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಗಲಾಟೆ ಕೇಳಿಸಿತು. ಆಯಾ ಕೊಂಕಣಿಯಲ್ಲಿ ಕೂಗುತ್ತಿದ್ದಳು. ಅವಳ ಮೇಲೆ ಅಣ್ಣನ ದನಿ: “ನನ್ನ ತಂಗಿ ಅವ್ಳೆ ಒಳಗೆ! ನನ್ನ ತಂಗೀನ ನಾನು ನೋಡಾಕೆ ನಿನ್ನ ಅಪ್ಪಣೆ ಬೇಕಾ?” ಯಾರೋ ಬಾಗಿಲಿಗೆ ಒದ್ದರು. ಮಿಸ್ ಕೂತಿದ್ದ ಟ್ರಂಕು ಜರುಗಿತು. ನಾನು ಕಣ್ಣು ಮುಚ್ಚಿಕೊಂಡೆ.

ಹಡಗಿನ ಅಧಿಕಾರಿಯೊಬ್ಬರು ಬಂದರು. ಬಾಗಿಲಾಚೆಯಿಂದಲೇ ಇಂಗ್ಲಿಷಿನಲ್ಲಿ ಕೇಳಿದರು: ಒಳಗಿರುವ ಹುಡುಗಿಯನ್ನು ಬಲವಂತದಿಂದ ಒಯ್ಯುತ್ತಿದ್ದೀರೆಂದು ದೂರು ಬಂದಿದೆ, ನಿಜವೆ?

“ಅವಳು ವಯಸ್ಸಿಗೆ ಬಂದವಳು. ಅವಳನ್ನೇ ಕೇಳಿ. ಅವಳ ಪರವಾಗಿ ನಾನು ಮಾತಾಡಲ್ಲ” ಎಂದರು ಮಿಸ್.

ಗಿರಿಜೆಗೆ ವಾಂತಿ ಶುರುವಾಗಿತ್ತು. ನನಗೂ ತಲೆ ಸುತ್ತುತ್ತಿತ್ತು. ಆ ಉಸಿರುಗಟ್ಟುವ ಗೂಡಿನಲ್ಲಿ ಮಿಸ್ ಒಂದು ಕೈಯಲ್ಲಿ ಅವಳ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಂಡಿ ಅವಳ ನಾಲಗೆಗೆ ಸವರುತ್ತಿದ್ದರು. “ಗುಟುಕು ಗುಟುಕಾಗಿ ನೀರು ಕುಡಿ. ಒಟ್ಟಿಗೆ ಕುಡೀಬೇಡ. ಆ ಮೊಳೆ ನೋಡು. ಗೋಡೇಲಿರೋ ಮೊಳೇನೇ ನೋಡ್ತಾ ಇರು.” ಅಧಿಕಾರಿ, ಹುಡುಗಿ ಸುಧಾರಿಸಿಕೊಂಡ ಮೇಲೆ ಹೇಳಲಿ, ಅಲ್ಲಿಯವರೆಗೆ ಗಂಡಸರು ಯಾರೂ ಬಾಗಿಲು ಮುಟ್ಟಬಾರದು ಎಂದು ಓಣಿಯಲ್ಲೇ ನಿಂತರು.

ಒದೆತ ನಿಂತಿತು. ಬೈಗುಳವೂ ನಿಂತಿತು. ಸಂಜೆಯ ಹೊತ್ತಿಗೆ ಬಾಗಿಲಿಗೆ ಬಾಯಿ ಹಚ್ಚಿದಂತೆ, ಮೆಲ್ಲಗೆ, ಅಣ್ಣನ ಮಾತು ಕೇಳಿಸಿತು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಗಿರಿಜಾ. ಅವ್ವ ಅನ್ನ ಮುಟ್ಟಿಲ್ಲ ಕಣವ್ವಾ. ನೀನು ಊರು ಬುಟ್ಟು ಓದೆ ಅಂದಾಗಿಂದ ಒಂದು ತೊಟ್ಟು ನೀರೂ ಇಳ್ದಿಲ್ಲ. ನನ್ನ ಮ್ಯಾಲೆ ಸಿಟ್ಟಿದ್ರೆ ಇರ್ಲಿ. ನಾನು ಒಡೆಯಾಕಿಲ್ಲ, ಬೈಯಾಕಿಲ್ಲ. ನೀನು ಚಿಕ್ಕೋಳಿದ್ದಾಗ ಎಗಲ ಮ್ಯಾಲೆ ಒತ್ಕೊಂಡು ಒಳೆ ದಾಟ್ಸಿವ್ನಿ ಕಣವ್ವಾ ನಿನ್ನ. ಬಾ, ಊರ್ಗೋಗಾನ.”

ಅವರು ಅಳುತ್ತಿದ್ದರು. ಅದು ನಾಟಕವಲ್ಲ ಎಂಬುದು ಒಳಗಿದ್ದ ಮೂವರಿಗೂ ತಿಳಿಯುತ್ತಿತ್ತು. ಗಿರಿಜೆ ಎದ್ದು ಕೂತಳು. ಆಮೇಲೆ ನಿಂತಳು. ಗೋಡೆ ಹಿಡಿದು ಬಾಗಿಲಿನ ಕಡೆ ಬಂದಳು. ಮಿಸ್ ತಡೆಯುತ್ತಾರೆಂದು ನಾನು ನೋಡುತ್ತಿದ್ದೆ. ಅವರು ಟ್ರಂಕಿನಿಂದ ಎದ್ದು, ಅದನ್ನು ತಾವೇ ಪಕ್ಕಕ್ಕೆ ಎಳೆದರು.

“ಹೋಗೋದಾದ್ರೆ ಹೋಗು. ಚಿಲಕ ಹಾಕಿರೋದು ಅವರಿಗೆ ಕಣೇ, ನಿನಗಲ್ಲ.”

ಗಿರಿಜೆ ಅವರ ಮುಖ ನೋಡಿದಳು. ಚಿಲಕ ತೆಗೆದಳು.

ಅಣ್ಣ ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ರುಮಾಲು ತೊಡೆಯ ಮೇಲಿತ್ತು. ತಂಗಿಯನ್ನು ಕಂಡು ಎದ್ದು ಕೈ ಚಾಚಿದರು. ಗಿರಿಜೆ ಹೊಸಿಲು ದಾಟಲಿಲ್ಲ.

“ಅಣ್ಣಾ, ಅವ್ವಂಗೆ ಊಟ ಮಾಡು ಅಂತ ಹೇಳು. ನಾನು ಚೆನ್ನಾಗಿರ್ತೀನಿ ಅಂತ ಹೇಳು. ನಾನು ಬರಲ್ಲ.”

ಒಂದು ಸಲ ಹೇಳಿದ್ದು ಸಾಲದೆಂಬಂತೆ, ಅಧಿಕಾರಿಯ ಕಡೆ ತಿರುಗಿ ತನಗೆ ಬರುತ್ತಿದ್ದ ಮುರುಕು ಇಂಗ್ಲಿಷಿನಲ್ಲಿ ಅದನ್ನೇ ಮತ್ತೆ ಹೇಳಿದಳು.

ಅಣ್ಣನ ಕೈ ಕೆಳಗಿಳಿಯಿತು. ಅವರು ತಂಗಿಯನ್ನು ಬಿಟ್ಟು ಮಿಸ್ ಕಡೆ ನೋಡಿದರು. “ಕರ್ಕೊಂಡ್ ಬತ್ತೀನಿ ಅಂದ್ರಿ. ನನ್ನ ಮಂಡೀಲಿ ನಿಂತ್ಕಂಡು ಅಂದ್ರಿ. ನನ್ನ ಮಕ್ಳಿಗೆ ಬುದ್ಧಿ ಏಳ್ಕೊಡೋರು ನೀವು.”

“ಹೌದಪ್ಪ. ಸುಳ್ಳು ಹೇಳಿದೆ” ಎಂದರು ಮಿಸ್.

ಅಣ್ಣ ಹೊಡೆದೇ ಬಿಡುತ್ತಾರೆ ಎಂದುಕೊಂಡೆ. ರುಮಾಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಗೋಡೆಗೆ ತಾಗುತ್ತ, ಓಣಿಯಲ್ಲಿ ನಡೆದುಹೋದರು. ಮಾರನೆಯ ದಿನ ಕಾರವಾರದಲ್ಲಿ ಇಳಿದರು. ದೋಣಿಯಲ್ಲಿ ಹಡಗಿಗೆ ಬೆನ್ನು ಹಾಕಿ ಕೂತವರು ದಡ ಮುಟ್ಟುವವರೆಗೂ ತಿರುಗಲಿಲ್ಲ. ಗಿರಿಜೆ ಕಂಬಿ ಹಿಡಿದು ನೋಡುತ್ತಲೇ ಇದ್ದಳು.

ಬೊಂಬಾಯಿಯಲ್ಲಿ ಮಿಸ್ ಅವರ ಅಕ್ಕನ ಮನೆಯಲ್ಲೇ ಮದುವೆಯಾಯಿತು. ಎರಡು ಹಾರ, ಒಂದು ಪಾಯಸ. ಆ ಮೇಷ್ಟರ ಎಡಹುಬ್ಬಿನ ಮೇಲೆ ಹುಣಸೂರಿನ ಬಸ್‌ಸ್ಟ್ಯಾಂಡಿನ ಗಾಯದ ಗುರುತು ಹಾಗೇ ಇತ್ತು.

ವಾಪಸು ಬಂದ ದಿನ ನಾನು ಬಸ್ಸಿನಿಂದ ಇಳಿದು ಮನೆಯ ಕಡೆ ಹೊರಟರೆ, ಮಿಸ್ ಟ್ರಂಕನ್ನು ನನ್ನ ಹತ್ತಿರ ಬಿಟ್ಟು ನೇರ ಮಂಡಿಗೆ ನಡೆದರು. ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೇ, “ನಿಮ್ಮ ತಂಗಿಗೆ ಮದುವೆ ಆಯ್ತು. ಚೆನ್ನಾಗಿದಾಳೆ” ಎಂದರಂತೆ. ಅಣ್ಣ ತಲೆಯೆತ್ತಲಿಲ್ಲ. ಮಂಡಿಯ ಆಳು ಮಿಸ್ ಕಾಲ ಬಳಿ ಉಗುಳಿದ. ಅವರು ಕೊಡೆ ಬಿಚ್ಚಿಕೊಂಡು ಬಂದರು.

ಆಮೇಲೆ ಆಗಬೇಕಾದ್ದು ಆಯಿತು. ಸ್ಕೂಲು ತೆರೆದಾಗ ಬೆಂಚುಗಳು ಖಾಲಿಯಿದ್ದವು. ಅಣ್ಣನ ಇಬ್ಬರು ಮಕ್ಕಳೂ ಬರಲಿಲ್ಲ. ಮೇಲಿನವರಿಗೆ ಅರ್ಜಿ ಹೋಯಿತು. ವಿಚಾರಣೆಗೆ ಬಂದವರ ಎದುರಿಗೆ ಮಿಸ್ ಹೇಳಿದ್ದು, ಹೊಲಿಗೆ ಟೀಚರಿಗೆ ಏನೂ ಗೊತ್ತಿರಲಿಲ್ಲ, ಎಲ್ಲ ತನ್ನದೇ ಕೆಲಸ ಎಂದು. ಅವರನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರಕ್ಕೆ ಹಾಕಿದರು, ಹೆಡ್‌ಮಿಸ್ಟ್ರೆಸ್ ಪದವಿ ತೆಗೆದು. ಹೊರಡುವ ದಿನವೂ ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಬೇಡವೆಂದು ಕಂಡಕ್ಟರನ ಜೊತೆ ಜಗಳವಾಡಿದರು. ನಾವು ಅಳುತ್ತಿದ್ದವರು ನಕ್ಕುಬಿಟ್ಟೆವು.

ಹಂಪಾಪುರದಿಂದ ಆಗಾಗ ಹುಣಸೂರಿಗೆ ನನ್ನನ್ನು ನೋಡಲು ಬರುತ್ತಿದ್ದರು. ಬಂದಾಗಲೆಲ್ಲ ಮೊದಲು ಮಂಡಿಯ ಮುಂದೆ ನಿಲ್ಲುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. “ಗಿರಿಜೇನೂ ಅಲ್ಲೇ ಒಂದು ಸ್ಕೂಲಿಗೆ ಸೇರಿದಾಳೆ ಕಣಪ್ಪ” ಎಂದರು. ಅಣ್ಣ ತಕ್ಕಡಿಯ ಕಡೆ ನೋಡುತ್ತಿದ್ದರು. ಆ ಅವಮಾನ ನನಗೆ ತಡೆಯಲಾಗಲಿಲ್ಲ. ಯಾಕೆ ಮಿಸ್ ಇದೆಲ್ಲ, ಅವರಿಗೆ ಬೇಡವಾದ ಮೇಲೆ, ಎಂದು ಕೇಳಿದೆ.

“ಅವನಿಗೆ ಸುಳ್ಳು ಹೇಳಿದೋಳು ನಾನು. ಇನ್ನು ನಿಜ ಹೇಳೋಕೆ ಬೇರೆಯವರನ್ನ ಕಳಿಸ್ಲಾ?” ಎಂದರು. ಸ್ವಲ್ಪ ದೂರ ನಡೆದ ಮೇಲೆ, “ಆ ಬಾಗಿಲಾಚೆ ಅವನು ಅತ್ತದ್ದು ನೀನೂ ಕೇಳಿದೀಯಲ್ಲ” ಎಂದರು.

ಅಣ್ಣನನ್ನು ಯಾರಾದರೂ ಬೈದರೆ ಅವರಿಗೆ ಆಗುತ್ತಿರಲಿಲ್ಲ. ತಾನು ಸರಿ ಮಾಡಿದೆ ಎಂದು ಎದೆ ತಟ್ಟಿಕೊಂಡದ್ದನ್ನೂ ನಾನು ಕೇಳಲಿಲ್ಲ. ಹಡಗಿನ ಪಾಠ ಮಾತ್ರ ಹಂಪಾಪುರದಲ್ಲೂ ನಡೆಯುತ್ತಿತ್ತಂತೆ. ಆದರೆ ಅವರು ಮತ್ತೆ ಹಡಗು ಹತ್ತಲಿಲ್ಲ. ಗಿರಿಜೆ ಪ್ರತಿ ಬೇಸಿಗೆಗೂ ಕರೆಯುತ್ತಿದ್ದಳು.

ಕಡೆಯ ಸಲ ಬಂದಾಗ ಅವರು ಮಂಡಿಯಲ್ಲಿ ಹೇಳಿದ್ದು ಗಿರಿಜೆಯ ಮಗಳಿಗೆ ಅಮ್ಮ ಆಗಿದೆ, ಮೈತುಂಬ ಗುಳ್ಳೆ ಎದ್ದಿವೆ ಎಂದು. ಹೋಗಿ ಹಂಪಾಪುರದಲ್ಲಿ ತಾವೇ ಜ್ವರದಿಂದ ಮಲಗಿದರು. ಏಳಲಿಲ್ಲ. ಅವರ ಮಣ್ಣಿಗೆ ನಾನು ಹೋದಾಗ ಅಲ್ಲಿನ ಸ್ಕೂಲಿನ ಮಕ್ಕಳು ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು.

ಹುಣಸೂರಿಗೆ ಮರಳಿದ ಮಾರನೆಯ ದಿನ ಮಂಡಿಯ ಮುಂದೆ ಹಾದು ಹೋಗುತ್ತಿದ್ದೆ. “ಟೀಚರಮ್ಮ” ಎಂದು ಯಾರೋ ಕರೆದರು. ಗಿರಿಜೆಯ ಅಣ್ಣ. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮಾತಾಡಿಸಿದ್ದೇ ಇಲ್ಲ.

“ಮಿಸ್ಸಮ್ಮ ಓದ್ರಂತೆ?”

“ಹೌದು.”

ತಕ್ಕಡಿಯ ಸರಪಳಿಯನ್ನು ಬೆರಳಲ್ಲಿ ಸುತ್ತುತ್ತ ನಿಂತಿದ್ದರು. ಹೋಗಲೋ ಇರಲೋ ತಿಳಿಯಲಿಲ್ಲ.

“ಆ ಕೂಸ್ಗೆ ಅಮ್ಮ ಆಗದೆ ಅಂತ ಏಳ್ಬುಟ್ಟು ಓದ್ರು. ಆಮೇಕೆ ಬರ್ನೇ ಇಲ್ಲ. ವಾಸಿ ಆಯ್ತೋ ಇಲ್ವೋ... ನಾನ್ ಯಾರ್ನ ಕೇಳ್ಲಿ?”

“ವಾಸಿಯಾಗಿದೆ. ಗಿರಿಜೆ ನನಗೆ ಬರೆದಿದ್ದಳು” ಎಂದೆ.

ಅವರು ಗಿರಾಕಿಗಳು ಕೂರುವ ಮಣೆಯನ್ನು ಹೆಗಲ ವಸ್ತ್ರದಿಂದ ಒರೆಸಿ ನನ್ನ ಕಡೆ ಸರಿಸಿದರು.

“ಕೂತ್ಕಳಿ. ಎಲ್ಲಾನೂ ನಿಧಾನಕ್ಕೆ ಏಳಿ. ಆ ಕೂಸ್ನ ಎಸ್ರೇನು?”